ಮುಂದಿನ ಎರಡು ಟೈರಿನ ಗಾಳಿ

ಇಪ್ಸಿಲ್ಯಾಂಟಿ, ಮಿಷಿಗನ್
18 ಮೇ 1969

ಮಗಳೇ ನೇಡೀನ್,

ಕಾಗದ ನೋಡಿದ ಕೂಡಲೇ ಅಪ್ಪನಿಗೆ ಏನೋ ಆಗಿದೆ ಅಂತ ಗಾಬರಿ ಬೀಳಬೇಡ. ನಾನು ಗಟ್ಟಿಯಾಗಿದ್ದೇನೆ. ಮಂಡಿನೋವು ಎಲ್ಲಿಗೂ ಹೋಗಿಲ್ಲ, ಪೆಟ್ರೋಲ್ ಬಂಕಿನ ಎರಡು ಪಂಪುಗಳೂ ಕೆಲಸ ಮಾಡುತ್ತಿವೆ, ಭಾನುವಾರ ಚರ್ಚಿನಲ್ಲಿ ಪಾದ್ರಿ ಶುರು ಮಾಡಿದ ಹತ್ತು ನಿಮಿಷಕ್ಕೆ ನನಗೆ ನಿದ್ದೆ ಬರುತ್ತದೆ. ಫೋನ್ ಮಾಡೋಣವೆಂದರೆ, ಇಡೀ ದಿನ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಕೂಗಾಟ ಕೇಳಿ ಬಂದವಳಿಗೆ ಮನೆಯಲ್ಲೂ ಅದೇ ಆದರೆ ಮೈಯೆಲ್ಲ ಉರಿಯುತ್ತದೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಬುಧವಾರ ನಮ್ಮೂರ ಕಾರ್ಖಾನೆಯಲ್ಲಿ ಆ ಕಾರು ಕಟ್ಟುವುದನ್ನು ನಿಲ್ಲಿಸಿಬಿಟ್ಟರು. ಹಿಂದೆ ಎಂಜಿನ್ ಇರುವ ಆ ಕಾರು. ಯಾವ ಕಾರು ಅಂತ ನಿನಗೆ ಹೇಳಬೇಕಾಗಿಲ್ಲ. ಸಂಜೆ ಪಾಳಿ ಮುಗಿಸಿ ಹೋಬರ್ಟ್ ಬಂಕಿಗೆ ಬಂದಿದ್ದ. ನಮ್ಮ ಕೆಂಟಕಿ ಕಡೆಯವನೇ, ನಿನಗೆ ನೆನಪಿರಬಹುದು. “ಕೊನೇ ಕಾರು ಹೊರಗ್ ಹೋಯ್ತು ಕಣೋ ಆರ್ವೆಲ್. ನಮ್ ಸಾಲಲ್ಲಿ ಒಬ್ರೂ ಚಪ್ಪಾಳೆ ತಟ್ಲಿಲ್ಲ. ಎಲ್ರೂ ಕೈ ಒರೆಸ್ಕೊಂಡು ಮನೆಗ್ ಹೋದ್ವಿ” ಎಂದ. 

ಹತ್ತು ವರ್ಷದ ಹಿಂದೆ ಏನು ಜಂಬ ಇತ್ತು ಇವರಿಗೆ! ಜರ್ಮನಿಯವರ ಗುಂಡು ಕಾರಿಗೆ ಇದೇ ನಮ್ಮ ಉತ್ತರ ಎಂದರು. ಎಂಜಿನ್ನಿಗೆ ನೀರೇ ಬೇಡ, ಗಾಳಿಯಲ್ಲೇ ತಣ್ಣಗಾಗುತ್ತದೆ ಎಂದರು. ಮರುವರ್ಷವೇ ಅದೇ ಎಂಜಿನ್ನು ಹಿಂದಿಟ್ಟು ವ್ಯಾನು ತಂದರು, ಪಕ್ಕದ ಗೋಡೆ ಕೆಳಗೆ ಮಡಚಿ ಇಳಿಜಾರಾಗುವ ಟ್ರಕ್ಕನ್ನೂ ತಂದರು. ಎದುರು ಕಂಪನಿಯವರು ಎಂಜಿನ್ ಮುಂದೇ ಇಟ್ಟು ಸುಮ್ಮನೆ ಒಂದು ಡಬ್ಬಿ ಮಾಡಿ ಮಾರಿದರು, ಜನ ಅದನ್ನೇ ಕೊಂಡರು. ವ್ಯಾನು ನಾಲ್ಕು ವರ್ಷಕ್ಕೇ ನಿಂತಿತು. ಆಮೇಲೆ ಈ ಕಾರೇ ಅಪಾಯದ್ದು ಎಂದು ಪೇಪರಿನಲ್ಲಿ ಗಲಾಟೆ, ವಾಷಿಂಗ್ಟನ್ನಿನಲ್ಲಿ ವಿಚಾರಣೆ. ಆಮೇಲಿನ ಕಾರುಗಳ ಹಿಂಚಕ್ರ ಸರಿಪಡಿಸಿದ್ದರಂತೆ, ಆದರೆ ಒಂದು ಸಲ ಹೆಸರು ಕೆಟ್ಟ ಮೇಲೆ ಕೇಳುವವರು ಯಾರು.

ಇದೇ ಮೂವತ್ತಕ್ಕೆ ಸಮಾಧಿಗಳಿಗೆ ಹೂವಿಡುವ ದಿನ. ನಿನ್ನ ಅಮ್ಮನ ಮತ್ತು ಡೆನ್ಜಿಲ್‌ನ ಸಮಾಧಿಯ ಹುಲ್ಲು ಕತ್ತರಿಸಿಟ್ಟಿದ್ದೇನೆ. ಫೋರ್ಟ್ ವೇನ್‌ನಿಂದ ಬಸ್ಸಿಗೆ ಬಂದರೆ ಮಧ್ಯಾಹ್ನದ ಊಟಕ್ಕೆ ಸೇರುತ್ತೀ. ಹುರುಳಿಕಾಯಿ ಬೇಯಿಸಿ ಜೋಳದ ರೊಟ್ಟಿ ಮಾಡುತ್ತೇನೆ, ನಿನ್ನಮ್ಮ ಮಾಡಿದ ಹಾಗೆ ಬರುವುದಿಲ್ಲ, ಆದರೂ ತಿನ್ನಬಹುದು. ನಿನಗೆ ಹೇಳಬೇಕಾದ ಒಂದು ಮಾತಿದೆ. ಎದುರಿಗೆ ಹೇಳುವುದೇ ಸರಿ.

ನಿನ್ನ ದಾರಿ ನೋಡುವ,
ಅಪ್ಪ

*

ಫೋರ್ಟ್ ವೇನ್, ಇಂಡಿಯಾನಾ
2 ಜೂನ್ 1969

ಅಪ್ಪಾ,

ಬರಲಿಲ್ಲ, ಬೈಯಬೇಡ. ರಜೆ ಸಿಗಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಸಿಕ್ಕಿತ್ತು. ಬಸ್ ನಿಲ್ದಾಣದವರೆಗೂ ಹೋದೆ. ಟಿಕೆಟ್ ಕೊಡುವವಳು “ಎಲ್ಲಿಗಮ್ಮಾ?” ಅಂದಳು. ಪರ್ಸಿನ ಚಿಲ್ಲರೆಯನ್ನು ಮತ್ತೆ ಮತ್ತೆ ಎಣಿಸುತ್ತ ನಿಂತೆ. ಹಿಂದೆ ನಿಂತವರು ಗೊಣಗತೊಡಗಿದರು, ನಾನು ಪಕ್ಕಕ್ಕೆ ಸರಿದುಬಿಟ್ಟೆ. ತಮ್ಮನ ಹೆಸರು ಕಲ್ಲಿನ ಮೇಲೆ ಓದುವ ಶಕ್ತಿ ಈ ವರ್ಷವೂ ಬಂದಿಲ್ಲ. ಹತ್ತೊಂಬತ್ತಕ್ಕೇ ಮುಗಿದುಹೋದ ಹುಡುಗ.

ಆ ಕಾರು ನಿಂತಿತು ಅಂತ ಓದಿ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ. ಇಲ್ಲಿ ರಸ್ತೆಯಲ್ಲಿ ಅಂಥದೊಂದು ಕಂಡರೆ ಮುಖ ತಿರುಗಿಸುತ್ತೇನೆ. ಆದರೆ ಅಪ್ಪಾ, ಮದುವೆಯಾದ ಹೊಸದರಲ್ಲಿ ನನಗೆ ಅದರ ಮೇಲೆ ಪ್ರೀತಿಯಿತ್ತು. ಚಳಿಗಾಲದಲ್ಲಿ ಹಿಮ ಎಷ್ಟೇ ಬಿದ್ದಿರಲಿ, ಬೇರೆ ಕಾರುಗಳ ಚಕ್ರ ಸುಮ್ಮನೆ ತಿರುಗುವಾಗ ನಮ್ಮದು ಆರಾಮಾಗಿ ದಿಬ್ಬ ಹತ್ತುತ್ತಿತ್ತು. ಡ್ವೈಟ್ ಕಿಟಕಿಯಿಂದ ಎಲ್ಲರಿಗೂ ಟೋಪಿ ಎತ್ತಿ ತೋರಿಸುತ್ತಿದ್ದ. ನನಗೆ ನಾಚಿಕೆ, ಅವನಿಗೆ ನಗು.

ಅವನ ಹೆಸರು ಬರೆದುಬಿಟ್ಟೆ ನೋಡು. ಆರು ವರ್ಷವಾಯಿತು. ಅವನು ವೇಗವಾಗಿ ಓಡಿಸಿ ತಮ್ಮನನ್ನು ಕೊಂದ ಎಂದು ನೀನು ಹೇಳಿದೆ, ಅವನೂ ಹೌದೆಂದ. ಇಲ್ಲದಿದ್ದರೆ ಅವನನ್ನು ಬಿಟ್ಟು ಬರಲು ನನ್ನಿಂದ ಆಗುತ್ತಿರಲಿಲ್ಲ.

ಎದುರಿಗೆ ಹೇಳುವ ಮಾತು ಎಂದರೆ ನನಗೆ ಭಯ. ಡಾಕ್ಟರು ಏನಾದರೂ ಹೇಳಿದರೇ? ಏನೇ ಇರಲಿ, ಬರೆ.

ನಿನ್ನ,
ನೇಡೀನ್

*

ಇಪ್ಸಿಲ್ಯಾಂಟಿ
29 ಜೂನ್ 1969

ಮಗಳೇ,

ನಾಲ್ಕು ವಾರ ತಡವಾಯಿತು. ಬರೆದದ್ದನ್ನು ಮೂರು ಸಲ ಹರಿದೆ. ಡಾಕ್ಟರು ಏನೂ ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಬರೆಯುವುದು ಸುಲಭವಾಗುತ್ತಿತ್ತು.

ಏಪ್ರಿಲ್‌ನಲ್ಲಿ ಒಬ್ಬ ಹೆಂಗಸು ಬಂಕಿಗೆ ಬಂದಳು. ಮಿಸ್ ಥರ್ಸ್ಟನ್ ಅಂತ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದವಳು. ಹಳೇ ಮಾದರಿಯ ಅದೇ ಕಾರು, ಡ್ವೈಟ್‌ನ ಕಾರಿನ ವರ್ಷದ್ದೇ. ನಾನು ಎಲ್ಲರಿಗೂ ಮಾಡುವ ಹಾಗೆ ಮಾಡಿದೆ. ಪೆಟ್ರೋಲ್ ಹಾಕಿದೆ, ಗಾಜು ಒರೆಸಿದೆ, ಎಣ್ಣೆ ನೋಡಿದೆ, ಟೈರಿಗೆ ಗಾಳಿ ಹಿಡಿಯಲು ಕೂತೆ. ಮುಂದಿನ ಎರಡರಲ್ಲೂ ಗಾಳಿ ತೀರಾ ಕಡಿಮೆ. ತುಂಬುತ್ತಿದ್ದೆ, ಒಳಗಿಂದ ಕಿರುಚಿಕೊಂಡಳು.

“ಏಯ್, ನಿಲ್ಸಿ! ಎಷ್ಟು ತುಂಬ್ತಿದೀರಿ ಅದಕ್ಕೆ?”

“ಇಪ್ಪತ್ತೆಂಟು ಪೌಂಡು ಕಣಮ್ಮ. ನಾಲ್ಕಕ್ಕೂ ಒಂದೇ. ಮುಂದಿನವು ಪೂರಾ ಇಳಿದೋಗಿದ್ವು, ನೀವು ನೋಡ್ಕೊಳೋದಿಲ್ವಾ?”

“ಇಳಿದಿಲ್ಲಾರೀ, ಅವು ಇರಬೇಕಾದ್ದೇ ಹಾಗೆ! ಮುಂದೆ ಹದಿನೈದು, ಹಿಂದೆ ಇಪ್ಪತ್ತಾರು. ನನ್ನ ಸಾಯಿಸ್ಬೇಕು ಅಂತ ಇದೀರಾ?”

“ಇಪ್ಪತ್ನಾಲ್ಕು ವರ್ಷದಿಂದ ಗಾಳಿ ಹಾಕ್ತಿದೀನಿ ನಾನು...”

“ಹಾಗಾದ್ರೆ ಇಪ್ಪತ್ನಾಲ್ಕು ವರ್ಷದಿಂದ ಯಾರೂ ನಿಮಗೆ ಓದೋಕೆ ಹೇಳಿಲ್ಲ. ತಗೊಳ್ಳಿ” ಎಂದು ಕಾರಿನ ಜೊತೆ ಬರುವ ಪುಸ್ತಕವನ್ನು ನನ್ನ ಕೈಗೆ ತುರುಕಿದಳು.

ಓದಿದೆ. ಅಚ್ಚಾಗಿತ್ತು ಮಗಳೇ, ಕಪ್ಪು ಅಕ್ಷರದಲ್ಲಿ. ಎಂಜಿನ್ನಿನ ಭಾರವೆಲ್ಲ ಹಿಂದೆ ಇರುವುದರಿಂದ ಮುಂದಿನ ಟೈರು ಮೆತ್ತಗೇ ಇರಬೇಕು. ಯಾಕೆ ಅಂತ ಅವಳೇ ಬಿಡಿಸಿ ಹೇಳಿದಳು, ಪಾಠ ಹೇಳಿದ ಬಾಯಿ ಅಲ್ಲವೇ. ಮುಂದಿನದು ಗಟ್ಟಿಯಾದರೆ ತಿರುವಿನಲ್ಲಿ ಮೂತಿ ಗಕ್ಕನೆ ತಿರುಗುತ್ತದೆ, ಹಿಂಭಾಗ ಹೊರಗೆ ಬೀಸಿಹೋಗುತ್ತದೆ. ಆಮೇಲೆ ಚಾಲಕನ ಕೈಯಲ್ಲಿ ಏನೂ ಇರುವುದಿಲ್ಲ. ತುಂಬಿದ್ದನ್ನು ಹದಿನೈದಕ್ಕೆ ಇಳಿಸಿ ಕೊಟ್ಟೆ. ಅವಳು ಹೋದಮೇಲೂ ಗಾಳಿ ಪೈಪು ಹಿಡಿದುಕೊಂಡೇ ನಿಂತಿದ್ದೆ.

ಯಾಕೆಂದರೆ ಆ ಅಕ್ಟೋಬರಿನ ಭಾನುವಾರ ಡ್ವೈಟ್‌ನ ಕಾರಿಗೆ ಗಾಳಿ ಹಾಕಿದವನು ನಾನು.

ಅಲ್ಲಿಯವರೆಗೆ ಮೂರು ವರ್ಷ ನಾನು ಆ ಕಾರನ್ನು ಮುಟ್ಟಿರಲಿಲ್ಲ. ನಿನಗೆ ಗೊತ್ತಲ್ಲ, ಅವನು ಬಂದಾಗಲೆಲ್ಲ ಮುಂದಿನ ಮುಚ್ಚಳ ಎತ್ತಿ “ಅಯ್ಯೋ ಅಳಿಯಂದ್ರೇ, ನಿಮ್ ಎಂಜಿನ್ ಯಾರೋ ಕದ್ಕೊಂಡ್ ಹೋಗವ್ರಲ್ರೀ!” ಎಂದು ಬಂಕಿನ ಜನರ ಮುಂದೆ ಅವನ ಮಾನ ಕಳೆಯುತ್ತಿದ್ದೆ. ಪೆಟ್ರೋಲನ್ನು ಅವನೇ ಹಾಕಿಕೊಳ್ಳಬೇಕಿತ್ತು. ಆದರೆ ಆ ವರ್ಷ ನಿನ್ನ ಅಮ್ಮ ಹೋದಳು. ಅವಳಿಗೆ ನಡೆಯಲಾಗದಿದ್ದಾಗ ಎರಡು ತಿಂಗಳು ಅವನು ಪಾಳಿ ಮುಗಿಸಿ ಬಂದು ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸುತ್ತಿದ್ದ, ಇಳಿಸುತ್ತಿದ್ದ. ಅದನ್ನು ನೋಡಿಯೂ ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಆ ಭಾನುವಾರ ಚರ್ಚು ಬಿಟ್ಟ ಮೇಲೆ ಅವನೂ ಡೆನ್ಜಿಲ್ಲೂ ಮೀನು ಹಿಡಿಯಲು ಕೆರೆಗೆ ಹೊರಟಿದ್ದರು, ಬಂಕಿನಲ್ಲಿ ನಿಲ್ಲಿಸಿದರು. ನಾನೇ ಹೋಗಿ ಪೆಟ್ರೋಲ್ ಹಾಕಿದೆ, ಗಾಜು ಒರೆಸಿದೆ. “ಮುಂದಿನ ಟೈರು ಎರಡೂ ಇಳಿದೋಗಿವೆ, ಕೂತ್ಕೋ ಮಗನೇ, ನಾನ್ ನೋಡ್ತೀನಿ” ಅಂದೆ. ಅವನನ್ನು ಮಗನೇ ಎಂದದ್ದು ಅದೇ ಮೊದಲು. ನಾಲ್ಕಕ್ಕೂ ಇಪ್ಪತ್ತೆಂಟು ಪೌಂಡು ತುಂಬಿದೆ. ಒಂದು ಗಂಟೆಯೊಳಗೆ ಜಲ್ಲಿಗುಂಡಿಯ ತಿರುವಿನಲ್ಲಿ ಕಾರು ಮಗುಚಿತು.

ಪೊಲೀಸಿನವನು ಬಂದು ಕೇಳಿದಾಗ “ಅವ್ನು ಯಾವಾಗ್ಲೂ ಹಾರಿಸ್ಕೊಂಡೇ ಹೋಗೋದು” ಎಂದವನೂ ನಾನೇ. ಹೆಣದ ಪೆಟ್ಟಿಗೆಯ ಮುಂದೆ, ಎಲ್ಲರ ಎದುರು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಊರುಗೋಲಲ್ಲಿ ನಿಂತಿದ್ದವನಿಗೆ “ನನ್ ಮಗನ್ನ ತಿಂದೆಯಲ್ಲೋ” ಎಂದವನೂ ನಾನೇ. ನೀನು ನನ್ನ ಮಾತು ನಂಬಿದೆ. ನಿನ್ನ ತಮ್ಮನನ್ನೂ ನಿನ್ನ ಸಂಸಾರವನ್ನೂ ಕೆಡಿಸಿದ್ದು ಈ ಕೈ ಮಗಳೇ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ನೀನು ಇನ್ನು ಮುಂದೆ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ. ಇರುವವಳು ನೀನೊಬ್ಬಳೇ, ಅದೇ ಭಯಕ್ಕೆ ಏಪ್ರಿಲಿನಿಂದ ಬಾಯಿ ಮುಚ್ಚಿಕೊಂಡಿದ್ದೆ.

ಅಪ್ಪ

*

ಫೋರ್ಟ್ ವೇನ್
7 ಸೆಪ್ಟೆಂಬರ್ 1969

ಅಪ್ಪಾ,

ಜುಲೈಯಲ್ಲಿ ನೀನು ಕಳಿಸಿದ ಎರಡು ಕಾಗದವೂ ಬಂದವು. ಆಗಸ್ಟಿನದೂ ಬಂತು. ಒಡೆಯಲಿಲ್ಲ. ಜೂನ್‌ನ ಕಾಗದವೊಂದೇ ಸಾಕಾಗಿತ್ತು.

ಮೊದಲ ವಾರ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡೆ, ಪಾತ್ರೆ ತೊಳೆಯುತ್ತಾ, ಕೆಲಸಕ್ಕೆ ನಡೆಯುತ್ತಾ. ಟೈರಿಗಾಗಿ ಅಲ್ಲ ಅಪ್ಪಾ. ಟೈರು ಗೊತ್ತಿಲ್ಲದೆ ಆದದ್ದು. ಗೊತ್ತಿಲ್ಲದೆ ಹಾಗೆ ಖಂಡಿತವಾಗಿ ಮಾತಾಡಿದೆಯಲ್ಲ, ಅದಕ್ಕೆ. ನೀನು ಏನನ್ನಾದರೂ “ಬಹುಶಃ” ಎಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಆ ದಿನ ಒಂದು ಬಹುಶಃ ಅಂದಿದ್ದರೆ ನಾನು ಅವನ ಮುಖ ನೋಡುತ್ತಿದ್ದೆ. ನೋಡಲೇ ಇಲ್ಲ. ಬೇರೆಯಾಗುವ ದಿನ ಕೋರ್ಟಿನ ಮೆಟ್ಟಿಲಲ್ಲಿ ಅವನು “ನೇಡೀನ್, ಕೋಟು ಹಾಕ್ಕೋ, ಚಳಿಯಿದೆ” ಅಂದ. ಕೋಟು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಹೋದೆ. ಆಮೇಲೆ ಅವನು ಬರೆದ ಕಾಗದಗಳನ್ನೆಲ್ಲ ಒಡೆಯದೆ ವಾಪಸು ಕಳಿಸಿದೆ. ನಿನ್ನ ಮಗಳೇ ನಾನು, ಇನ್ನೇನು.

ಈಗ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಡ್ವೈಟ್ ಆ ಕಾರ್ಖಾನೆಯಲ್ಲಿ ಆ ಕಾರನ್ನೇ ಕಟ್ಟುತ್ತಿದ್ದವನು. ಮುಂದಿನ ಟೈರಿಗೆ ಎಷ್ಟು ಗಾಳಿ ಬೇಕು ಎಂದು ಅವನಿಗೆ ಗೊತ್ತಿತ್ತೇ? ನೀನು ತುಂಬಿದ್ದನ್ನು ನೋಡಿದನೇ? ಗೊತ್ತಿರಲಿಲ್ಲವೆಂದರೆ ನಾನು ಹೋಗಿ ಅವನ ಕಾಲು ಹಿಡಿಯುತ್ತೇನೆ, ಅವನು ಬಾಗಿಲು ತೆರೆಯದಿದ್ದರೆ ಹೊಸ್ತಿಲಲ್ಲೇ ಕೂರುತ್ತೇನೆ. ಗೊತ್ತಿದ್ದೂ ನನ್ನ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದ ಎಂದರೆ ನನಗೆ ಇನ್ನು ಅವನ ಸುದ್ದಿ ಬೇಡ, ಈ ಸಲ ನಿಜವಾಗಿಯೂ ಬೇಡ. ನಾನೇ ಬರೆದು ಕೇಳೋಣವೆಂದರೆ ಕೈ ಏಳುತ್ತಿಲ್ಲ. ನೀನು ಕೇಳು. ಅದು ನಿನ್ನ ಕೆಲಸ.

ನೇಡೀನ್

*

ಇಪ್ಸಿಲ್ಯಾಂಟಿ
14 ಸೆಪ್ಟೆಂಬರ್ 1969

ಡ್ವೈಟ್,

ಈ ಕೈಬರಹ ನೋಡಿ ಕಾಗದವನ್ನು ಒಲೆಗೆ ಹಾಕಿದರೆ ನಿನ್ನ ತಪ್ಪೇನೂ ಇಲ್ಲ. ಹಾಕುವ ಮೊದಲು ಇಷ್ಟು ಓದು. ನೀನು ಸ್ಯಾಗಿನಾದಲ್ಲಿದ್ದೀ ಎಂದು ಹೋಬರ್ಟ್ ಹೇಳಿದ.

ಆ ಭಾನುವಾರ ನಾನು ನಿನ್ನ ಕಾರಿನ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ತುಂಬಿದೆ. ಅದು ತಪ್ಪು ಎಂದು ನನಗೆ ಈ ಏಪ್ರಿಲ್‌ನಲ್ಲಿ ಗೊತ್ತಾಯಿತು. ಡೆನ್ಜಿಲ್‌ನನ್ನು ಕೊಂದದ್ದು ನೀನಲ್ಲ, ನಾನು. ಆರು ವರ್ಷ ಊರಿಗೆಲ್ಲ ನಿನ್ನ ಹೆಸರು ಹೇಳಿದೆ. ಈಗ ಚರ್ಚಿನಲ್ಲಿ ಎದ್ದು ನಿಂತು ನಿಜ ಹೇಳಿದ್ದೇನೆ, ಬಂಕಿಗೆ ಬರುವವರಿಗೂ ಹೇಳುತ್ತಿದ್ದೇನೆ. ಕೆಲವರು ಬರುವುದನ್ನು ನಿಲ್ಲಿಸಿದ್ದಾರೆ. ನಿಲ್ಲಿಸಲಿ.

ನೇಡೀನ್‌ಗೆ ಒಂದೇ ಒಂದು ವಿಷಯ ಬೇಕು. ಗಾಳಿಯ ಸಂಗತಿ ನಿನಗೆ ಆಗಲೇ ಗೊತ್ತಿತ್ತೇ? ಅದಕ್ಕೆ ಉತ್ತರ ಬರೆ. ನನಗೆ ಬೇರೆ ಏನೂ ಬರೆಯಬೇಕಾಗಿಲ್ಲ.

ಆರ್ವೆಲ್ ಸ್ಟಿಡಮ್

*

ಸ್ಯಾಗಿನಾ
5 ಅಕ್ಟೋಬರ್ 1969

ಮಾವ,

ಕಾಗದ ಓದಿ ಎರಡು ವಾರಕ್ಕೂ ಹೆಚ್ಚು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇಲ್ಲಿ ಒಂದು ಶೆಡ್ಡಿನಲ್ಲಿ ರಿಪೇರಿ ಮಾಡುತ್ತೇನೆ. ಹಿಂದೆ ಎಂಜಿನ್ ಇರುವ ಗಾಡಿಗಳನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಎಲ್ಲ ನನ್ನ ಬಳಿಗೇ ಬರುತ್ತವೆ. ನನ್ನದೂ ಈಗ ಅದೇ ಜಾತಿಯ ಹಳೇ ವ್ಯಾನು. ಹಿಂದಿನ ಹಲಗೆ ಎತ್ತಿದರೆ ಕೆಳಗೇ ಎಂಜಿನ್, ಸಾಮಾನೆಲ್ಲ ಅದರ ಮೇಲೆ. ನನಗೂ ಬೇರೆ ಗಾಡಿ ಒಗ್ಗಲಿಲ್ಲ. ಎಡಗಾಲು ಮಳೆ ಬಂದರೆ ನೋಯುತ್ತದೆ, ಉಳಿದಂತೆ ಸರಿಯಿದೆ.

ನೀವು ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದನ್ನು ಎರಡೆರಡು ಸಲ ಓದಿದೆ. ಹಾಗೆ ಮಾಡಬಾರದಿತ್ತು ಮಾವ. ಪೂರ್ತಿ ಗೊತ್ತಿಲ್ಲದೆ ಹೇಳಿದಿರಿ.

ನನಗೆ ಗೊತ್ತಿತ್ತು. ಕಾರು ಕೊಂಡ ದಿನವೇ ಪುಸ್ತಕ ಓದಿದ್ದೆ. ಮುಂದಿನ ಟೈರಿಗೆ ಹದಿನೈದೇ ಇರುವಂತೆ ಪ್ರತಿ ಶನಿವಾರ ನಾನೇ ನೋಡಿಕೊಳ್ಳುತ್ತಿದ್ದೆ. ಆ ದಿನ ನೀವು ಗಾಳಿ ಪೈಪು ಎಳೆದುಕೊಂಡು ಬಂದಿರಿ, ನಾನು ಸೀಟಿನಲ್ಲಿ ಕೂತು ನೋಡುತ್ತಿದ್ದೆ. “ಮಾವ, ಮುಂದಕ್ಕೆ ಅಷ್ಟು ಬೇಡ” ಎಂದು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ನೀವು ಪೈಪು ಎಸೆದು “ನನಗೇ ಕಲಿಸ್ತೀಯೇನೋ” ಎನ್ನುತ್ತಿದ್ದಿರಿ, ಜಗಳವಾಗುತ್ತಿತ್ತು, ಡೆನ್ಜಿಲ್ ಬದುಕಿರುತ್ತಿದ್ದ. ಆದರೆ ನೀವು ನನ್ನ ಕಾರಿನ ಮುಂದೆ ಮಂಡಿಯೂರಿ ಕೂತಿದ್ದಿರಿ. ಮಗನೇ ಎಂದಿರಿ. ನಮ್ಮಪ್ಪ ನನ್ನನ್ನು ಹಾಗೆ ಕರೆದದ್ದು ನನಗೆ ನೆನಪಿಲ್ಲ. ಆ ಗಳಿಗೆಯನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ರಸ್ತೆಯ ಕೊನೆಗೆ ಹೋಗಿ ನಿಮ್ಮ ಕಣ್ಣಿಗೆ ಬೀಳದ ಹಾಗೆ ಗಾಳಿ ಬಿಡೋಣ ಅಂದುಕೊಂಡೆ.

ಡೆನ್ಜಿಲ್ ಸ್ಕೇಟಿಂಗ್ ಮನೆಯಲ್ಲಿ ಕಂಡ ಯಾವುದೋ ಹುಡುಗಿಯ ಕಥೆ ಶುರು ಮಾಡಿದ. “ಭಾವ, ಅವಳ ಮುಂದೆ ಸ್ಟೈಲಾಗಿ ತಿರುಗೋಕೆ ಹೋಗಿ ಸೀದಾ ಅವರಮ್ಮನ ಮೇಲೆ ಬಿದ್ದೆ” ಅಂದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ರಸ್ತೆಯ ಕೊನೆ ಯಾವಾಗ ದಾಟಿತೋ ಗೊತ್ತಾಗಲಿಲ್ಲ, ಗಾಳಿ ಬಿಡುವುದು ಮರೆತುಹೋಯಿತು. ತಿರುವಿನಲ್ಲಿ ನಲವತ್ತು ಮೈಲಿ ವೇಗವೂ ಇರಲಿಲ್ಲ. ಹಿಂಭಾಗ ಜಾರಿದಾಗಲೇ ನೆನಪಾಯಿತು.

ವೇಗವಾಗಿ ಹೋದೆ ಎಂದು ನಾನು ಒಪ್ಪಿಕೊಂಡದ್ದು ದೊಡ್ಡತನವಲ್ಲ. ನಿಮ್ಮನ್ನು ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದುಂಟು. ನಿಜವಾಗಿ, ನಿಮ್ಮ ಗಾಳಿಯ ಮಾತೆತ್ತಿದರೆ ನನ್ನ ಸುಮ್ಮನಿರುವಿಕೆಯೂ ಹೊರಬೀಳುತ್ತಿತ್ತು. ವೇಗದ ತಪ್ಪನ್ನು ಜನ ಕ್ಷಮಿಸಬಹುದು. ಗೊತ್ತಿದ್ದೂ ಮಾತಾಡದೆ ಕೂತವನನ್ನು ನೇಡೀನ್ ಕ್ಷಮಿಸುತ್ತಾಳೆ ಅಂತ ನನಗೆ ಅನ್ನಿಸಲಿಲ್ಲ.

ಅವಳಿಗೆ ಇದನ್ನು ಹೇಳಿಬಿಡಿ. ಬರೆಯುವ ಧೈರ್ಯ ನನಗಿಲ್ಲ. ಅವಳನ್ನು ಬಿಟ್ಟರೆ ನನ್ನ ಮನಸ್ಸಿಗೆ ಇನ್ನೊಬ್ಬರು ಬರಲಿಲ್ಲ, ಅದನ್ನೂ ಹೇಳಬಹುದು, ಬೇಡವೆನಿಸಿದರೆ ಬಿಡಿ. ಹೇಳಿದ ಮೇಲೆ ಅವಳು ಈ ಕಡೆ ಬರುವುದಿಲ್ಲ. ಅದು ನನಗೆ ಗೊತ್ತು.

ನಿಮ್ಮ,
ಡ್ವೈಟ್ ಪ್ರೂಯಿಟ್

*

ಇಪ್ಸಿಲ್ಯಾಂಟಿ
12 ಅಕ್ಟೋಬರ್ 1969

ಮಗಳೇ ನೇಡೀನ್,

ಡ್ವೈಟ್ ಬರೆದ. ಅವನ ಕಾಗದವನ್ನೇ ನಿನಗೆ ಕಳಿಸೋಣವೆಂದು ಅಡುಗೆಮನೆಯಲ್ಲಿಟ್ಟಿದ್ದೆ, ಹಳೇ ಪೇಪರಿನ ಜೊತೆ ಒಲೆಗೆ ಹೋಗಿಬಿಟ್ಟಿತು. ವಯಸ್ಸಾಯಿತು, ಬೈಯಬೇಡ. ವಿಳಾಸ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೆ, ಈ ಕಾಗದದ ಜೊತೆ ಇಟ್ಟಿದ್ದೇನೆ. ಸ್ಯಾಗಿನಾದಲ್ಲಿ ಬಸ್ಸು ಇಳಿದು ಯಾರನ್ನು ಕೇಳಿದರೂ ಅವನ ಶೆಡ್ಡು ತೋರಿಸುತ್ತಾರಂತೆ. ಮತ್ತೆ ಮದುವೆಯಾಗಿಲ್ಲ. ನಿನ್ನನ್ನು ಬಿಟ್ಟು ಇನ್ನೊಬ್ಬರು ಅವನ ಮನಸ್ಸಿಗೆ ಬರಲಿಲ್ಲವಂತೆ. ಇದು ಅವನದೇ ಮಾತು, ನಾನು ಒಂದಕ್ಷರ ಸೇರಿಸಿಲ್ಲ.

ಆ ದಿನ ಗಾಡಿ ನಲವತ್ತು ಮೈಲಿ ವೇಗವನ್ನೂ ಮುಟ್ಟಿರಲಿಲ್ಲ. ಡೆನ್ಜಿಲ್ ಕೊನೆಯವರೆಗೂ ನಗುತ್ತಿದ್ದನಂತೆ, ಯಾವುದೋ ಹುಡುಗಿಯ ವಿಷಯಕ್ಕೆ. ಇದನ್ನು ಯಾರನ್ನು ಕೇಳಬೇಕಿತ್ತೋ ಅವನನ್ನೇ ನಾನು ಇಷ್ಟು ವರ್ಷ ಬಾಗಿಲಾಚೆ ನಿಲ್ಲಿಸಿದ್ದೆ.

ಈ ವಾರವೇ ಹೊರಡು. ಚಳಿ ಬೀಳುವ ಮೊದಲು ಹೋಗು. ಹೋದ ಮೇಲೆ ಆ ಭಾನುವಾರದ ಮಾತನ್ನು ಮತ್ತೆ ಕೆದಕಬೇಡ. ಅವನಾಗಿಯೇ ಏನಾದರೂ ತನ್ನ ಮೇಲೆ ಹಾಕಿಕೊಳ್ಳಲು ಬಂದರೆ ನಂಬಬೇಡ, ಅವನ ಸ್ವಭಾವವೇ ಅಂಥದ್ದು. ಬೇಕಾದರೆ ನನ್ನನ್ನು ಬೈಯಿರಿ, ಇಬ್ಬರೂ ಸೇರಿ ಬೈಯಿರಿ.

ನೀನು ಕೇಳಿದ ಪ್ರಶ್ನೆಯನ್ನು ಕೇಳಿದೆ. ಅವನು ಎಂಜಿನ್ ಕೂರಿಸುವ ಸಾಲಿನಲ್ಲಿದ್ದವನು, ಟೈರಿನ ಸಂಗತಿ ಅವನಿಗೆ ಯಾಕೆ ತಿಳಿದಿರಬೇಕು ಹೇಳು. ಅವನಿಗೆ ಏನೂ ಗೊತ್ತಿರಲಿಲ್ಲವಂತೆ.

ನಿನ್ನ,
ಅಪ್ಪ